ಕೃತಕ ಕಾಲು: ಅಳತೆಯ ಮಾತು

ಕೇಳುಗರೇ, ಜೈಪುರ ಕಾಲಿನ ಹೆಸರು ಕೇಳದವರು ಕಡಿಮೆ. ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರೂಪಿಸಿದ ಆ ರಬ್ಬರ್ ಪಾದಕ್ಕೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯ ಮನ್ನಣೆಯೂ ಸೇಠಿಯವರ ಮೂಲಕ ಬಂತು. ಆದರೆ ಕಾಲು ಪಡೆದವನು ಅದನ್ನು ತೊಟ್ಟು ನಡೆಯುತ್ತಾನೋ, ಅಟ್ಟಕ್ಕೆ ಹಾಕುತ್ತಾನೋ ಎಂಬುದು ಪಾದಕ್ಕಿಂತ ಸಾಕೆಟ್ಟನ್ನೇ ಹೆಚ್ಚು ಅವಲಂಬಿಸಿದೆ. ಉಳಿದ ಕಾಲು ಹೊಕ್ಕು ಕೂರುವ ಬಟ್ಟಲೇ ಸಾಕೆಟ್.

ಮೊಣಕಾಲಿನ ಕೆಳಗೆ ಕತ್ತರಿಸಿದವರಲ್ಲಿ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಭಾರ ತಾಳುತ್ತದೆ. ಹೊರಮಗ್ಗುಲಿನ ಎಲುಬಿನ ಗಂಟು, ಮುಂಗಾಲೆಲುಬಿನ ಏಣು, ಕತ್ತರಿಸಿದ ತುದಿ ತಾಳಲಾರವು. ಅಳತೆಗಾರರು ಇವನ್ನು ಬೆರಳಿನಿಂದ ತಡವಿ, ತೆಳು ಕಾಲುಚೀಲದ ಮೇಲೆ ಪೆನ್ಸಿಲಿನಲ್ಲಿ ಗುರುತಿಸಬೇಕು. ಸಮ ಅಂತರಗಳಲ್ಲಿ ಟೇಪು ಸುತ್ತಬೇಕು. ಅದು ಮೈಗೆ ತಾಗಬೇಕು, ಹಿಂಡಬಾರದು. ಬಳಿಕ ಪ್ಲಾಸ್ಟರ್ ಪಟ್ಟಿಯ ಅಚ್ಚು. ಗುರುತುಗಳು ಅಚ್ಚಿನ ಒಳಮೈಗೆ ಇಳಿಯುತ್ತವೆ. ಜೈಪುರದ ಪದ್ಧತಿಯಲ್ಲಿ, ಆ ಅಚ್ಚಿನೊಳಗೆ ಎರೆದ ಪ್ರತಿರೂಪದ ಮೇಲೆ ನೀರಿನ ಪೈಪಿನಂಥದೇ ಪ್ಲಾಸ್ಟಿಕ್ ಕೊಳವೆಯನ್ನು ಕಾಯಿಸಿ ಎಳೆಯುತ್ತಾರೆ! ಈಗ ಸ್ಕ್ಯಾನರ್ ಕೂಡ ಬಂದಿದೆ. ಅದು ಹೊರಮೈಯನ್ನು ನೋಡೀತು, ಒಳಗಿನ ಎಲುಬನ್ನು ತಡವಲಾರದು.

ಇಷ್ಟಾದರೂ ಕಾಲು ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ. ಶಸ್ತ್ರಕ್ರಿಯೆಯ ಬಾವು ಇಳಿದು ತಿಂಗಳುಗಟ್ಟಲೆ ಕುಗ್ಗುತ್ತದೆ. ಬೆಳಗ್ಗೆ ಬಿಗಿಯಾಗಿದ್ದ ಸಾಕೆಟ್ ಸಂಜೆಗೆ ಸಡಿಲವಾಗುವುದೂ ಉಂಟು. ಆಗ ಇನ್ನೊಂದು ಕಾಲುಚೀಲ ಏರಿಸಬಹುದು. ಚೀಲದ ಮೇಲೆ ಚೀಲ ಏರಿಸುತ್ತಲೇ ಹೋಗಬೇಕಾದರೆ ಹೊಸ ಅಳತೆಯೇ ಬೇಕು. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶ ಮಂದವಾಗಿರಬಹುದು. ನೋವಿಲ್ಲವೆಂದು ನಂಬಿ ಕೂರದೆ, ಪ್ರತಿ ಸಂಜೆ ಕನ್ನಡಿ ಹಿಡಿದು ನೋಡಿಕೊಳ್ಳಿ. ಕೆಂಪು ಕಲೆ ಬೇಗ ಮಾಯದಿದ್ದರೆ, ಗುಳ್ಳೆ ಎದ್ದರೆ, ಕಾಲನ್ನು ಕಳಚಿಡಿ. ಕೊಟ್ಟವರ ಬಳಿಗೆ ಅದನ್ನೇ ಹೊತ್ತು ಹೋಗಿ, ಎಲ್ಲಿ ಒತ್ತುತ್ತದೆಂದು ಬೆರಳಿಟ್ಟು ತೋರಿಸಿ. ದಾನವಾಗಿ ಬಂದದ್ದೆಂದು ಸಂಕೋಚಪಡಬೇಡಿ.