ಹಳೆಯ ಗಣಕಯಂತ್ರದಲ್ಲಿ ಹೊಸ ಪಾಠ
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಸಾಹಿತ್ಯವನ್ನೋ ಗಡಿನಾಡಿನ ಕಷ್ಟಸುಖಗಳನ್ನೋ ಕುರಿತ ಮಾತುಗಳನ್ನು ಕೇಳಿ ಅಭ್ಯಾಸವಾದ ತಮಗೆ ಇಂದಿನ ನನ್ನ ವಿಷಯ ತುಸು ವಿಚಿತ್ರವಾಗಿ ಕಾಣಬಹುದು. ಹಳೆಯ ಕಾರ್ಯಾಚರಣ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ ಹೊಸ ಕಾಲದ ಧ್ವನಿಮುದ್ರಿಕೆಗಳನ್ನೂ ವಿಡಿಯೋಗಳನ್ನೂ ನಡೆಯಿಸುವ ಬಗೆ ಹೇಗೆ ಎಂಬುದೇ ಆ ವಿಷಯ. ನಾನು ಈ ಶಾಸ್ತ್ರದಲ್ಲಿ ಪಂಡಿತನಲ್ಲ. ಮನೆಯ ಅಗತ್ಯ ಕಲಿಸಿದಷ್ಟನ್ನು ಎಡವಿ ಎಡವಿ ಕಲಿತವನು. ನಾನು ಎಡವಿದ ಕಲ್ಲು ಎಲ್ಲಿದೆಯೆಂದು ತೋರಿಸಿದರೆ ಹಿಂದೆ ಬರುವವರಿಗೆ ಉಪಕಾರವಾದೀತೆಂಬುದಷ್ಟೇ ನನ್ನ ಧೈರ್ಯ.

2020ರ ಜೂನ್ 1ರಂದು, ಶಾಲೆಗಳ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ, ಕೇರಳದ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಎಂಬ ಪಾಠಮಾಲೆ ಆರಂಭವಾಯಿತು. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗಾಗಿಯೂ ಪಾಠಗಳು ಸಿದ್ಧವಾಗಿ ಯೂಟ್ಯೂಬಿನಲ್ಲಿ ದೊರೆಯತೊಡಗಿದುವು. ನಮ್ಮ ಮನೆಯಲ್ಲಿ ಕಲಿಯುವ ಮಕ್ಕಳು ಇಬ್ಬರು. ಸ್ಮಾರ್ಟ್‌ಫೋನು ಒಂದೇ, ಅದೂ ಬೆಳಗಾದರೆ ಅವರ ತಂದೆಯೊಡನೆ ಕೆಲಸಕ್ಕೆ ಹೊರಡುವಂಥದು. ಉಳಿದುದು ಮೂಲೆಯಲ್ಲಿದ್ದ, 2006ರಲ್ಲಿ ಕೊಂಡ ಗಣಕಯಂತ್ರ; ಅದರೊಳಗಿದ್ದುದು ವಿಂಡೋಸ್ ಎಕ್ಸ್‌ಪಿ. “ಅಜ್ಜ, ಇದರಲ್ಲಿ ಪಾಠ ಬರುವುದಿಲ್ಲವೇ?” ಎಂದು ಮೊಮ್ಮಗಳು ಕೇಳಿದಳು. ಬರುತ್ತದೆ ಎಂದುಬಿಟ್ಟೆ. ಆ ಒಂದು ಮಾತನ್ನು ಉಳಿಸಿಕೊಳ್ಳಲು ನನಗೆ ಮೂರು ವಾರ ಹಿಡಿಯಿತು.

ಮೊದಲ ಅಡ್ಡಿ ಅಂತರಜಾಲದ ಬಾಗಿಲಲ್ಲೇ ಎದುರಾಯಿತು. ಕ್ರೋಮ್ ಬ್ರೌಸರು ಎಕ್ಸ್‌ಪಿಯನ್ನು 2016ರಲ್ಲಿ ಕೈಬಿಟ್ಟಿತ್ತು. ಫೈರ್‌ಫಾಕ್ಸ್ 2018ರಲ್ಲಿ ಕೈಬಿಟ್ಟಿತ್ತು. ನನ್ನ ಹಳೆಯ ಬ್ರೌಸರು ಹೊಸ ಪುಟಗಳ ಮುಂದೆ ಸುಮ್ಮನೆ ನಿಂತುಬಿಟ್ಟಿತು. ಕಡೆಗೆ ಅಧ್ಯಾಪಕರೊಬ್ಬರು ದಯವಿಟ್ಟು ಪಾಠಗಳನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. ಯಂತ್ರದಲ್ಲಿದ್ದ ಪ್ಲೇಯರಿನಿಂದ ತೆರೆಯಹೋದರೆ, ಈ ಕಡತವನ್ನು ನಡೆಯಿಸಲಾಗದು ಎಂಬ ಒಂದು ಸಾಲು ಮಾತ್ರ ತೆರೆಯ ಮೇಲೆ ಮೂಡಿತು.

ಅದೇಕೆ ಹೀಗೆ? ಗಡಿನಾಡಿನವರಾದ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಮನೆಗೊಂದು ಲಕೋಟೆ ಬರುತ್ತದೆ. ವಿಳಾಸ ನಮ್ಮದೇ. ಒಡೆದು ನೋಡಿದರೆ ಒಳಗಿನ ಕಾಗದ ನಮಗೆ ಓದಲು ಬಾರದ ಲಿಪಿಯಲ್ಲಿದೆ. ವಿಡಿಯೋ ಕಡತದ ಹೆಸರಿನ ಕೊನೆಗೆ ಎಂಪಿ4 ಎಂದೋ ಎವಿಐ ಎಂದೋ ಇರುವುದು ಲಕೋಟೆಯ ಗುರುತು ಮಾತ್ರ. ಒಳಗಿನ ಚಿತ್ರವನ್ನು ಯಾವ ಕ್ರಮದಲ್ಲಿ ಅಡಕಮಾಡಿದ್ದಾರೆಂಬುದು ಬೇರೆಯೇ ಮಾತು. ಆ ಅಡಕವನ್ನು ಬಿಚ್ಚಿ ಹೇಳುವ ದುಭಾಷಿಗೆ ಕೋಡೆಕ್ ಎಂದು ಹೆಸರು. ಎಕ್ಸ್‌ಪಿ ಹೊರಬಂದುದು 2001ರಲ್ಲಿ; ಇಂದು ಬಹುಮಟ್ಟಿಗೆ ಎಲ್ಲೆಡೆ ಬಳಕೆಯಲ್ಲಿರುವ ಎಚ್.264 ಎಂಬ ಕ್ರಮ ನಿಶ್ಚಿತವಾದುದು 2003ರಲ್ಲಿ. ತಾನು ಹುಟ್ಟಿದ ಮೇಲೆ ಹುಟ್ಟಿದ ಭಾಷೆಯ ದುಭಾಷಿ ಆ ವ್ಯವಸ್ಥೆಯಲ್ಲಿ ಇರುವುದೆಂತು? ಅನಂತರ 2013ರಲ್ಲಿ ಎಚ್.265, 2018ರಲ್ಲಿ ಎವಿ1 ಎಂಬ ಕ್ರಮಗಳು ಬಂದು ದೂರ ಇನ್ನಷ್ಟು ಹೆಚ್ಚಿದೆ.

ಇಷ್ಟನ್ನು ಅಂದೇ ತಿಳಿದಿದ್ದರೆ ಚೆನ್ನಾಗಿತ್ತು. ತಿಳಿಯದ ನಾನು, ಎಲ್ಲ ಬಗೆಯ ವಿಡಿಯೋಗಳನ್ನೂ ನಡೆಯಿಸುತ್ತದೆಂದು ಹೇಳಿಕೊಳ್ಳುವ, ಮೂಲ ಯಾವುದೆಂದು ಗೊತ್ತಿಲ್ಲದ ಕೋಡೆಕ್ ಸಂಗ್ರಹವೊಂದನ್ನು ಯಾರಿಂದಲೋ ತರಿಸಿ ಯಂತ್ರಕ್ಕೆ ಸೇರಿಸಿದೆ. ಅದು ಹಳೆಯ ದುಭಾಷಿಗಳನ್ನೆಲ್ಲ ಹೊರಗೆ ದೂಡಿ ತಾನೇ ಕುಳಿತಿತು. ಮರುದಿನ ಯಂತ್ರ ಏಳಲೇ ಇಲ್ಲ. ನೀಲಿ ತೆರೆ ಮಾತ್ರ. ಅವಸರದಲ್ಲಿ ಡಿಸ್ಕನ್ನು ಪೂರ್ತಿ ಅಳಿಸಿ ವ್ಯವಸ್ಥೆಯನ್ನು ಹೊಸದಾಗಿ ಹಾಕಿಸಿದೆ. ಆ ಡಿಸ್ಕಿನಲ್ಲಿ ನನ್ನ ತಂದೆಯವರು ತಾಳಮದ್ದಳೆಯಲ್ಲಿ ಹೇಳಿದ ಅರ್ಥದ ಧ್ವನಿಮುದ್ರಿಕೆ ಇತ್ತು. ಮೂಲ ಕ್ಯಾಸೆಟ್ಟಿಗೆ ನಮ್ಮ ಮಳೆಗಾಲದ ಬೂಷ್ಟು ಹಿಡಿದು ಎಷ್ಟೋ ವರ್ಷಗಳಾಗಿದ್ದುವು. ಬೇರೆ ಪ್ರತಿ ಇರಲಿಲ್ಲ. ತಂದೆಯವರ ಧ್ವನಿ ಈಗ ನನ್ನ ಕಿವಿಯಲ್ಲಷ್ಟೇ ಉಳಿದಿದೆ, ಮೊಮ್ಮಕ್ಕಳಿಗೆ ಕೇಳಿಸಲಾರೆ.

ಈ ನಷ್ಟ ಕಲಿಸಿದ ಮೊದಲ ಪಾಠವನ್ನು ತಾವು ಬೇರೆಲ್ಲವನ್ನೂ ಮರೆತರೂ ನೆನಪಿನಲ್ಲಿಡಬೇಕು. ಹಳೆಯ ಯಂತ್ರಕ್ಕೆ ಕೈಹಚ್ಚುವ ಮುನ್ನ ಅದರಲ್ಲಿರುವುದೆಲ್ಲದರ ಪ್ರತಿಯನ್ನು ಬೇರೆ ಎರಡು ಕಡೆ ತೆಗೆದಿಡಿರಿ. ಎರಡನೆಯ ಪಾಠ ಇದು: ಹಳೆಯ ಯಂತ್ರ ಹೊಸತಾಗಬೇಕೆಂದು ಹಟ ಹಿಡಿಯಬಾರದು. ಹೊಸತನ್ನು ಅದಕ್ಕೆ ಅರ್ಥವಾಗುವ ಭಾಷೆಗೆ ತಂದು ಒಪ್ಪಿಸಬೇಕು.

ಇದಕ್ಕೆ ಮಾರ್ಗಗಳು ಮೂರು.

ಮೊದಲನೆಯದು, ದುಭಾಷಿಗಳನ್ನು ತನ್ನೊಡನೆಯೇ ಕರೆತರುವ ಪ್ಲೇಯರನ್ನು ಬಳಸುವುದು. ವಿಎಲ್‌ಸಿ ಎಂಬ ತಂತ್ರಾಂಶ 1996ರಲ್ಲಿ ಪ್ಯಾರಿಸಿನ ಎಂಜಿನಿಯರಿಂಗ್ ವಿದ್ಯಾಲಯವೊಂದರ ವಿದ್ಯಾರ್ಥಿಗಳ ಕೆಲಸವಾಗಿ ಆರಂಭವಾಗಿ, 2001ರಿಂದ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿದೆ. ಅದು ವ್ಯವಸ್ಥೆಯಲ್ಲಿರುವ ಕೋಡೆಕ್‌ಗಳನ್ನು ನೆಚ್ಚದೆ ತನ್ನವನ್ನೇ ತರುತ್ತದೆ. ವ್ಯವಸ್ಥೆಯ ಹಳೆಯ ಏರ್ಪಾಡನ್ನು ಕದಡುವುದೂ ಇಲ್ಲ. 2018ರಲ್ಲಿ ಬಂದ ಅದರ 3.0 ಸರಣಿ ಎಕ್ಸ್‌ಪಿಯಲ್ಲಿಯೂ ನಡೆಯುತ್ತದೆ. ಆದರೆ 2008ರ ಸರ್ವೀಸ್ ಪ್ಯಾಕ್ 3 ಅದರಲ್ಲಿ ಇರಬೇಕು. ಅದನ್ನು ತಯಾರಿಸಿದವರ ತಾಣದಿಂದಲೇ ತರಬೇಕು, ಕಂಡಕಂಡ ಕಡೆಯಿಂದಲ್ಲ.

ಇದನ್ನು ಹಾಕಿದ ಮೇಲೆ ನಮ್ಮ ಮನೆಯಲ್ಲಿ ಪಾಠ ತೆರೆದುಕೊಂಡಿತು. ಆದರೆ ಅಧ್ಯಾಪಿಕೆಯ ಮಾತು ಮುಂದೆ ಹೋಗುತ್ತಿತ್ತು, ಚಿತ್ರ ಕುಂಟುತ್ತ ಹಿಂದೆ ಬರುತ್ತಿತ್ತು. ಭಾಷೆ ತಿಳಿದರೂ ಓದುವ ವೇಗ ಸಾಲದಾಯಿತು. ಹೊಸ ಯಂತ್ರಗಳಲ್ಲಿ ಅಡಕವನ್ನು ಬಿಚ್ಚುವ ಕೆಲಸವನ್ನು ಚಿತ್ರಕ್ಕೆಂದೇ ಇರುವ ಚಿಪ್ಪು ವಹಿಸಿಕೊಳ್ಳುತ್ತದೆ. ನಮ್ಮ ಯಂತ್ರದಲ್ಲಿ ಆ ಭಾರವೆಲ್ಲ ಪ್ರೊಸೆಸರಿನ ಹೆಗಲ ಮೇಲೆ ಬಿದ್ದಿತ್ತು.

ಎರಡನೆಯ ಮಾರ್ಗ ಇದಕ್ಕೆ ಮದ್ದು. ಹೊಸ ಯಂತ್ರವೊಂದರಲ್ಲಿ ಕಡತವನ್ನು ಪರಿವರ್ತಿಸಿ, ಹಗುರಮಾಡಿ, ಅನಂತರ ಹಳೆಯದಕ್ಕೆ ಕೊಡುವುದು. ಎಫ್‌ಎಫ್‌ಎಂಪೆಗ್ ಮತ್ತು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶಗಳು ಇದಕ್ಕೆಂದೇ ಇವೆ, ಎರಡೂ ಉಚಿತ. 1920×1080 ಅಳತೆಯ ಚಿತ್ರದಲ್ಲಿ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳಿರುತ್ತವೆ. 640×360ರ ಚಿತ್ರದಲ್ಲಿ 2 ಲಕ್ಷ 30 ಸಾವಿರ. ಎಂದರೆ ಒಂಬತ್ತರಲ್ಲಿ ಒಂದು ಪಾಲು. ಕರಿಹಲಗೆಯ ಅಕ್ಷರ ಕಾಣುವುದಕ್ಕೆ ಇಷ್ಟು ಸಾಕು. ನಮ್ಮ ಪಾಠಗಳನ್ನು ಎಚ್.264ರಲ್ಲೇ ಈ ಅಳತೆಗೆ ಇಳಿಸಿದ ದಿನ ಅಧ್ಯಾಪಿಕೆಯ ಮಾತೂ ತುಟಿಯೂ ಒಂದಾದುವು. ವಿಂಡೋಸ್ 98ರಷ್ಟು ಹಳೆಯ ಯಂತ್ರ ಯಾರ ಮನೆಯಲ್ಲಾದರೂ ಇದ್ದರೆ, 1993ರ ಎಂಪೆಗ್-1 ಕ್ರಮಕ್ಕೆ ತಿರುಗಿಸಿದ ವಿಡಿಯೋವನ್ನು ಅದು ಬೇರೆ ಯಾರ ಸಹಾಯವೂ ಇಲ್ಲದೆ ನಡೆಯಿಸಬಲ್ಲದು. ಬರಿಯ ಮಾತಿನ ಮುದ್ರಿಕೆಗೆ ಎಂಪಿ3 ಸಾಕು. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಹಾಕಿದರೆ ಒಂದು ಗಂಟೆಯ ಮಾತು ಸುಮಾರು 29 ಮೆಗಾಬೈಟಿನಲ್ಲಿ ಅಡಗುತ್ತದೆ. ಪರಿವರ್ತಿಸಿದ್ದು ನೋಡುವ ಕೇಳುವ ಪ್ರತಿ ಮಾತ್ರ. ಮೂಲ ಕಡತವನ್ನು ಎಂದಿಗೂ ಅಳಿಸಬಾರದು.

ಸಾಗಿಸುವಾಗ ಒಂದು ಸೂಕ್ಷ್ಮವುಂಟು. ಹಳೆಯ ಯಂತ್ರಗಳಿಗೆ ಪರಿಚಿತವಾದ ಫ್ಯಾಟ್32 ಕ್ರಮದ ಪೆನ್‌ಡ್ರೈವಿನಲ್ಲಿ 4 ಗಿಗಾಬೈಟಿನ ಕಡತ ಹಿಡಿಯದು; ದೊಡ್ಡದನ್ನು ತುಂಡುಮಾಡಬೇಕು. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಎಕ್ಸ್‌ಪಿಯಲ್ಲಿ ಚೌಕಗಳ ಸಾಲಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಅದರೊಡನೆ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಬಂದಿದೆ. ಕಂಟ್ರೋಲ್ ಪ್ಯಾನೆಲಿನ ಭಾಷಾ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಒಮ್ಮೆ ಆರಿಸಿಕೊಂಡರೆ ಒತ್ತಕ್ಷರಗಳೂ ತಮ್ಮ ತಮ್ಮ ಸ್ಥಾನದಲ್ಲಿ ಕೂರುತ್ತವೆ.

ಮೂರನೆಯ ಮಾರ್ಗ, ಯಂತ್ರವನ್ನು ಉಳಿಸಿಕೊಂಡು ವ್ಯವಸ್ಥೆಯನ್ನೇ ಬದಲಿಸುವುದು. 2023ರಲ್ಲಿ ಬಂದ ಡೆಬಿಯನ್ 12ರಂಥ ಲಿನಕ್ಸ್ ವ್ಯವಸ್ಥೆಯನ್ನು 32 ಬಿಟ್‌ನ ಹಳೆಯ ಯಂತ್ರಗಳಲ್ಲಿಯೂ ಹಾಕಬಹುದು. 2025ರ ಡೆಬಿಯನ್ 13 ಆ ಬಾಗಿಲನ್ನು ಮುಚ್ಚಿದೆ. ಆದುದರಿಂದ ಈ ಮಾರ್ಗ ಎಂದೆಂದಿಗೂ ತೆರೆದಿರುವುದೆಂದು ನೆಚ್ಚುವಂತಿಲ್ಲ.

ಹೊಸ ಭಾಗಗಳನ್ನು ಹಳೆಯ ವ್ಯವಸ್ಥೆಯೊಳಕ್ಕೇ ಸೇರಿಸಲಾಗದೇ ಎಂದು ತರುಣ ಮಿತ್ರರು ಕೇಳಬಹುದು. ಸಾಹಸಿಗಳು ಅದನ್ನೂ ಮಾಡಿದ್ದಾರೆ. ವಿಂಡೋಸ್ 98ರಲ್ಲಿ ಮುಂದಿನ ಕಾಲದ ಕೆಲವು ತಂತ್ರಾಂಶಗಳನ್ನು ನಡೆಯಿಸುವ ಕರ್ನೆಲ್‌ಎಕ್ಸ್ ಎಂಬ ಅನಧಿಕೃತ ಸೇರ್ಪಡೆ ಇದೆ. ಆದರೆ ಇದಕ್ಕೂ ಮಿತಿಗಳುಂಟು. ಡೈರೆಕ್ಟ್‌ಎಕ್ಸ್ ಎಂಬ ಚಿತ್ರ-ಧ್ವನಿಗಳ ಭಾಗ ಎಕ್ಸ್‌ಪಿಯಲ್ಲಿ 9.0ಸಿಗೆ ನಿಂತಿತು; 10ನೆಯದು 2007ರಲ್ಲಿ ವಿಸ್ತಾದೊಡನೆ, ಬೇರೆಯೇ ಬಗೆಯ ಡ್ರೈವರುಗಳನ್ನು ಆಧರಿಸಿ ಬಂದಿತು. ತಳಪಾಯವೇ ಬೇರೆಯಾದ ಮೇಲೆ ಮಾಳಿಗೆಯನ್ನು ಕಿತ್ತು ತಂದು ಇಲ್ಲಿ ಇಡಲಾಗದು. ಇನ್ನು ಕೆಲವು ಹೊಸ ತಂತ್ರಾಂಶಗಳು ಪೆಂಟಿಯಂ 4ರಿಂದ ಈಚೆಗೆ ಬಂದ ಎಸ್‌ಎಸ್‌ಇ2 ಎಂಬ ಆದೇಶಗಳನ್ನು ಪ್ರೊಸೆಸರಿನಿಂದಲೇ ಕೇಳುತ್ತವೆ. ಅದಿಲ್ಲದ ಕಡೆ ಯಾವ ಸೇರ್ಪಡೆಯೂ ಫಲಿಸದು. ಕಲಿಯುವುದಕ್ಕಾಗಿ ಬೇಡದ ಯಂತ್ರವೊಂದರಲ್ಲಿ ಇದನ್ನೆಲ್ಲ ಪ್ರಯೋಗಿಸಿರಿ. ಮನೆಮಂದಿಯ ಧ್ವನಿಯೂ ಚಿತ್ರವೂ ಇರುವ ಯಂತ್ರದಲ್ಲಿ ಬೇಡ.

ಮತ್ತೊಂದು ಎಚ್ಚರಿಕೆ. ಎಕ್ಸ್‌ಪಿಗೆ ತಯಾರಕರ ರಕ್ಷಣೆ 2014ರ ಏಪ್ರಿಲ್ 8ಕ್ಕೆ ಮುಗಿಯಿತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಉಪದ್ರವ ಲೋಕವ್ಯಾಪಿಯಾದಾಗ ಅದಕ್ಕೊಂದು ವಿಶೇಷ ತೇಪೆಯನ್ನು ಕೊಟ್ಟುದು ನಿಯಮವಲ್ಲ, ಅಪವಾದ. ಅಂಥ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸದೆ ಪಾಠ ನೋಡುವುದಕ್ಕೂ ಹಾಡು ಕೇಳುವುದಕ್ಕೂ ಮೀಸಲಿಡುವುದು ಲೇಸು. ಬ್ಯಾಂಕಿನ ವ್ಯವಹಾರವನ್ನಂತೂ ಅದರಲ್ಲಿ ಮಾಡಲೇಬಾರದು.

ಇದು ಎಕ್ಸ್‌ಪಿ ಉಳ್ಳ ನಾಲ್ಕು ಮನೆಗಳ ಮಾತು ಮಾತ್ರವೆಂದು ತಿಳಿಯಬೇಡಿರಿ. ವಿಂಡೋಸ್ 7ರ ರಕ್ಷಣೆ 2020ರ ಜನವರಿ 14ರಂದು ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ರಂದು ಮುಗಿಯಿತು. 2021ರ ವಿಂಡೋಸ್ 11 ಎಷ್ಟೋ ಸುಸ್ಥಿತಿಯ ಯಂತ್ರಗಳನ್ನು ಒಪ್ಪಿಕೊಳ್ಳುವುದಿಲ್ಲ. ಇಂದು ಹೊಸದೆನಿಸಿದುದು ನಾಳೆ ನನ್ನ ಮೂಲೆಯ ಯಂತ್ರದ ಸಾಲಿಗೆ ಬರತಕ್ಕದ್ದೇ.

ಆದುದರಿಂದ ಸಂಘದ ಮುಂದೆ ಒಂದು ವಿನಂತಿಯನ್ನಿಟ್ಟು ಮುಗಿಸುತ್ತೇನೆ. ನಮ್ಮ ವಾಚನಾಲಯದಲ್ಲಿ ಸುಮಾರಾದ ಹೊಸ ಗಣಕಯಂತ್ರ ಒಂದಿರಲಿ. ತಿಂಗಳಿಗೊಂದು ಭಾನುವಾರ ತಿಳಿದ ತರುಣರಿಬ್ಬರು ಅದರ ಬಳಿ ಕುಳಿತು, ಬಂದವರ ಪಾಠಗಳನ್ನೂ ಮುದ್ರಿಕೆಗಳನ್ನೂ ಅವರವರ ಯಂತ್ರಕ್ಕೆ ಒಪ್ಪುವಂತೆ ಪರಿವರ್ತಿಸಿಕೊಡಲಿ. ಅದೇ ಹೊತ್ತಿನಲ್ಲಿ, ಮನೆಮನೆಯ ಕ್ಯಾಸೆಟ್ಟುಗಳಲ್ಲಿ ಉಳಿದಿರುವ ತಾಳಮದ್ದಳೆಯ ಅರ್ಥ, ಹಿರಿಯರ ಹಾಡು, ಶಾಲೆಯ ನಾಟಕ, ಇವುಗಳ ಪ್ರತಿಯೂ ಮಾಲೀಕರ ಒಪ್ಪಿಗೆ ಪಡೆದು ಸಿದ್ಧವಾಗಲಿ. ಕಲಿಯುವ ಮಗುವಿಗೆ ತನ್ನ ಭಾಷೆಯ ಪಾಠ ಯಂತ್ರ ಹಳೆಯದೆಂಬ ಕಾರಣಕ್ಕೆ ತಪ್ಪಬಾರದು. ನನಗಾದ ನಷ್ಟ ಈ ಸಭೆಯಲ್ಲಿರುವ ಮತ್ತೊಬ್ಬರಿಗೆ ಆಗಬಾರದು. ಮನೆಗೆ ಹೋದೊಡನೆ ಒಂದು ಕೆಲಸ ಮಾಡಿರಿ: ಪೆಟ್ಟಿಗೆಯಲ್ಲಿರುವ ಕ್ಯಾಸೆಟ್ಟುಗಳನ್ನು ಹೊರಗೆ ತೆಗೆದು, ಯಾರ ಧ್ವನಿ ಯಾವುದರಲ್ಲಿದೆಯೆಂದು ಮೇಲೊಂದು ಚೀಟಿ ಬರೆದಂಟಿಸಿರಿ. ಉಳಿದುದಕ್ಕೆ ಭಾನುವಾರ ಕೂಡೋಣ.