ಟೂತ್‌ಪೇಸ್ಟ್ ಸೋಲುವುದು ಎಲ್ಲಿ?



ಬ್ರಷ್ಷಿನ ಮೇಲೆ ಹಾಕಿದ ಟೂತ್‌ಪೇಸ್ಟ್ ಕುಳಿತಲ್ಲೇ ಕುಳಿತಿರುತ್ತದೆ. ಆಗ ಅದು ಘನವಸ್ತು. ಟ್ಯೂಬನ್ನು ಒತ್ತಿದಾಗಲೋ, ದ್ರವದಂತೆ ಹರಿದು ಬರುತ್ತದೆ. ಆ ಕ್ಷಣದಲ್ಲಿ ಒಳಗಿನ ಕಣಗಳಿಗೆ ಏನಾಗುತ್ತದೆ?

ತಾಮ್ರದ ತಂತಿ ಬಾಗುವ ಬಗೆ ನಮಗೆ ಗೊತ್ತು. ಅದರಲ್ಲಿ ಪರಮಾಣುಗಳು ಸಾಲಾಗಿ ನಿಂತಿವೆ. ಸಾಲಿನಲ್ಲಿ ಎಲ್ಲೋ ಒಂದು ಕೊರತೆಯಿರುತ್ತದೆ; ಅದು ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತ ಹೋದಂತೆ ತಂತಿ ಬಾಗುತ್ತದೆ. ಪೇಸ್ಟು, ನೊರೆಗಳಲ್ಲಿ ಸಾಲೇ ಇಲ್ಲ. ಎಲ್ಲವೂ ಅಸ್ತವ್ಯಸ್ತವಾಗಿರುವಾಗ ಯಾವುದನ್ನು ಕೊರತೆ ಎನ್ನುವುದು?

ಮನೆಯಲ್ಲೇ ನೋಡಬಹುದು. 1947ರಲ್ಲಿ ಲಾರೆನ್ಸ್ ಬ್ರ್ಯಾಗ್ ಮತ್ತು ಜಾನ್ ನೈ ಒಂದೇ ಗಾತ್ರದ ಸೋಪಿನ ಗುಳ್ಳೆಗಳನ್ನು ನೀರಿನ ಮೇಲೆ ತೇಲಿಬಿಟ್ಟು ಸ್ಫಟಿಕದ ಮಾದರಿ ತೋರಿಸಿದರು. ನೀವು ಬೇಕೆಂದೇ ಸಣ್ಣವನ್ನೂ ದೊಡ್ಡವನ್ನೂ ಬೆರೆಸಿ. ಅಗಲವಾದ ತಟ್ಟೆಯ ಸೋಪಿನ ನೀರಿಗೆ ಸ್ವಲ್ಪ ಗ್ಲಿಸರಿನ್ ಹಾಕಿದರೆ ಗುಳ್ಳೆ ಬಾಳುತ್ತದೆ. (ಸ್ಟುಡಿಯೋ ದೀಪಗಳ ಕಾವಿನಲ್ಲಿ ನಮಗಂತೂ ಅದು ಬೇಕೇ ಬೇಕು.) ಗುಳ್ಳೆಗಳನ್ನು ಎರಡು ಬಾಚಣಿಗೆಗಳ ನಡುವೆ ಹಿಡಿದು, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಮೆಲ್ಲಗೆ ಸರಿಸಿ. ಮೊದಲು ಎಲ್ಲವೂ ಒಟ್ಟಿಗೆ ವಾಲುತ್ತವೆ. ಬಾಚಣಿಗೆಗಳನ್ನು ಹಿಂದಕ್ಕೆ ತಂದರೆ ಮೊದಲಿನಂತಾಗುತ್ತವೆ. ಇನ್ನಷ್ಟು ಸರಿಸಿದಾಗ ಎಲ್ಲೋ ಒಂದೆಡೆ ನಾಲ್ಕು ಗುಳ್ಳೆಗಳು ಥಟ್ಟನೆ ಜೊತೆ ಬದಲಿಸುತ್ತವೆ. ತಾಗಿಕೊಂಡಿದ್ದ ಎರಡು ದೂರವಾಗಿ, ದೂರವಿದ್ದ ಎರಡು ತಾಗುತ್ತವೆ. ಸೋಲು ಶುರುವಾಗುವುದು ಇಲ್ಲೇ, ಇಷ್ಟು ಸಣ್ಣ ಗುಂಪಿನಲ್ಲಿ.

2007ರಲ್ಲಿ ಪೀಟರ್ ಶಾಲ್, ಡೇವಿಡ್ ವೈಟ್ಜ್ ಮತ್ತು ಫ್ರಾನ್ಸ್ ಸ್ಪೇಪನ್ ದ್ರವದಲ್ಲಿ ಒತ್ತೊತ್ತಾಗಿ ತುಂಬಿದ ಸಿಲಿಕಾ ಕಣಗಳಲ್ಲಿ ಇಂಥದನ್ನೇ ಕಂಡರು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ದೊಡ್ಡದಾದ ಕಣಗಳವು. ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೂ ಹಿಂಬಾಲಿಸಿದಾಗ, ಒಂದು ಗುಂಪು ಜಾರಿದರೆ ಅದರ ಹೊರೆ ಕೆಲವು ದಿಕ್ಕಿನ ನೆರೆಯವರ ಮೇಲೆ ಬೀಳುವುದು, ಅಲ್ಲಿ ಇನ್ನೊಂದು ಗುಂಪು ಜಾರುವುದು ತಿಳಿಯಿತು. ಹೀಗೆ ಜಾರಿದ ಗುಂಪುಗಳು ಒಂದು ಪಟ್ಟಿಯಾಗಿ ಸೇರಿಕೊಂಡರೆ ವಸ್ತು ಅಲ್ಲಿ ಹರಿಯುತ್ತದೆ, ಅಕ್ಕಪಕ್ಕ ಗಟ್ಟಿಯಾಗಿಯೇ ಉಳಿಯುತ್ತದೆ.

ಮೆತ್ತನೆಯ ವಸ್ತುಗಳ ಈ ಕಥೆ ಗಟ್ಟಿ ವಸ್ತುವಿಗೂ ಸಲ್ಲುತ್ತದೆ. ಲೋಹವನ್ನು ಅತಿ ವೇಗವಾಗಿ ತಣಿಸಿ ಪಡೆಯುವ ಲೋಹಗಾಜು 1960ರಿಂದ ಗೊತ್ತಿದೆ. ಬಲದಲ್ಲಿ ಅದು ಅನೇಕ ಉಕ್ಕುಗಳನ್ನು ಮೀರಿಸುತ್ತದೆ. ಆದರೂ ಎಳೆದಾಗ ಇಂಥದೇ ಒಂದು ಪಟ್ಟಿ ಹುಟ್ಟಿ, ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಎಂಜಿನಿಯರುಗಳು ಅದನ್ನು ಪೂರ್ತಿ ನಂಬದಿರುವುದು ಇದಕ್ಕೇ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದ ಶ್ರೀಕಾಂತ್ ಶಾಸ್ತ್ರಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಹಿಡಿಸಿತು. ಕಂಪ್ಯೂಟರಿನಲ್ಲಿ ಕಟ್ಟಿದ ಅಸ್ತವ್ಯಸ್ತ ಘನವನ್ನು ಅವರು ಹಿಂದಕ್ಕೂ ಮುಂದಕ್ಕೂ ಮತ್ತೆ ಮತ್ತೆ ಜಗ್ಗಿದರು. ಮಿತಿಯೊಳಗೆ ಜಗ್ಗಿದಾಗ, ಸೇರಿನಲ್ಲಿ ಕುಲುಕಿದ ಅಕ್ಕಿಯಂತೆ, ಕಣಗಳು ಇನ್ನಷ್ಟು ಚೆನ್ನಾಗಿ ಕೂತುಕೊಂಡವು. ಮಿತಿ ದಾಟಿದೊಡನೆ, ನಿಧಾನವಾಗಿ ಅಲ್ಲ, ಒಮ್ಮೆಲೇ ಹರಿಯತೊಡಗಿದವು.

ಮುಂದೆ ಜಾರುವ ಗುಂಪು ಯಾವುದೆಂದು ಬರೀ ಕಣಗಳ ಚಿತ್ರ ನೋಡಿ ಹೇಳುವುದು ಈಗಲೂ ಕಷ್ಟ. ಕಂಪ್ಯೂಟರಿಗೆ ಸಾವಿರಾರು ಉದಾಹರಣೆ ಕಲಿಸಿ ಊಹೆ ಮಾಡಿಸುವ ಪ್ರಯತ್ನಗಳು ನಡೆದಿವೆ. ನೀವೂ ನಿಮ್ಮ ತಟ್ಟೆಯ ಒಂದು ಫೋಟೋ ತೆಗೆದು, ಜೊತೆ ಬದಲಿಸುವ ನಾಲ್ಕು ಗುಳ್ಳೆಗಳು ಇವೇ ಎಂದು ಗುರುತು ಹಾಕಿ. ಆಮೇಲೆ ಬಾಚಣಿಗೆ ಸರಿಸಿ.