ಹಿಮ್ಮೇಳದ ಬಾಳು

ಆಟ ನೋಡಿ ಬಂದವರನ್ನು ‘ನಿನ್ನೆಯ ಆಟ ಹೇಗಾಯಿತು?’ ಎಂದು ಕೇಳಿ ನೋಡಿರಿ. ಅವರು ಮೊದಲು ಹೇಳುವುದು ವೇಷಗಳ ಸಂಗತಿಯನ್ನು. ಮಹಿಷಾಸುರ ಹೇಗೆ ಅಬ್ಬರಿಸಿದ, ಅಭಿಮನ್ಯು ಎಷ್ಟು ಸುತ್ತು ಧಿಗಿಣ ಹಾರಿದ, ಹಾಸ್ಯಗಾರ ಯಾವ ಮಾತಿಗೆ ನಗಿಸಿದ ಎಂಬುದೆಲ್ಲ ಮುಗಿದ ಮೇಲೆ, ಹಾಡಿದವರು ಯಾರು, ಮದ್ದಳೆಗೆ ಯಾರು ಕುಳಿತಿದ್ದರು ಎಂಬುದು ಬಂದರೆ ಬಂತು, ಇಲ್ಲವಾದರೆ ಇಲ್ಲ. ಮುಮ್ಮೇಳ ಕಣ್ಣಿಗೆ ಬೀಳುತ್ತದೆ. ಹಿಮ್ಮೇಳ ಹೆಸರಿಗೆ ತಕ್ಕಂತೆ ಹಿಂದೆಯೇ ಉಳಿಯುತ್ತದೆ. ನಮ್ಮ ತೆಂಕುತಿಟ್ಟಿನ ಸೀಮೆಗೆ ನೂರಾರು ವರ್ಷಗಳಿಂದ ಹಳ್ಳಿಯ ವಾದ್ಯಗೋಷ್ಠಿಯೆಂದರೆ ಈ ಹಿಮ್ಮೇಳವೇ. ಅದು ಹೇಗೆ ಬಾಳಿತು, ಮುಂದೆ ಬಾಳಬೇಕಾದರೆ ಏನು ಬೇಕು ಎಂಬುದನ್ನು ಈ ಮಾತುಗಳಲ್ಲಿ ತಮ್ಮ ಮುಂದಿಡಬಯಸುತ್ತೇನೆ.

ಹಿಮ್ಮೇಳದಲ್ಲಿ ಜನ ಹೆಚ್ಚಿಲ್ಲ. ಜಾಗಟೆ ಹಿಡಿದ ಭಾಗವತ, ಮದ್ದಳೆಗಾರ, ಚೆಂಡೆಯವ, ಚಕ್ರತಾಳದವ, ಶ್ರುತಿ ಹಿಡಿಯುವವ, ಇಷ್ಟೇ. ಶ್ರುತಿಗೆ ಹಿಂದೆ ಪುಂಗಿ ಇತ್ತು. ಅನಂತರ ಹಾರ್ಮೋನಿಯಂ ಬಂತು. ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆ ಬಂದಿದೆ. ಈ ಕೆಲವೇ ಜನ ಇಡೀ ರಾತ್ರಿಯನ್ನು ಹೊರುತ್ತಾರೆ. ವೇಷಧಾರಿ ತನ್ನ ಪಾತ್ರ ಮುಗಿದೊಡನೆ ಚೌಕಿಗೆ ಹೋಗಿ ಬಣ್ಣ ತೆಗೆಯಬಹುದು. ಹಿಮ್ಮೇಳಕ್ಕೆ ಆ ಬಿಡುವಿಲ್ಲ. ವೇಷ ಯಾವಾಗ ಬರಬೇಕು, ಎಷ್ಟು ಕುಣಿಯಬೇಕು, ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಭಾಗವತನ ಪದವೂ ಮದ್ದಳೆಯ ಬಿಡ್ತಿಗೆ ಮುಕ್ತಾಯಗಳೂ ನಿರ್ಣಯಿಸುತ್ತವೆ. ಆದ್ದರಿಂದಲೇ ಬಣ್ಣ ಹಚ್ಚದ ಭಾಗವತನನ್ನು ‘ಒಂದನೆಯ ವೇಷ’ ಎಂದು ಹಿರಿಯರು ಕರೆದರು.

ಈ ಕಲಾವಿದರ ಹೆಸರುಗಳನ್ನು ಗಮನಿಸಿರಿ. ದಿವಾಣ ಭೀಮ ಭಟ್ಟರು, ನೆಡ್ಲೆ ನರಸಿಂಹ ಭಟ್ಟರು, ಚಿಪ್ಪಾರು ಕೃಷ್ಣಯ್ಯ ಬಲ್ಲಾಳರು, ಹೀಗೆ ಹೆಸರಿಗಿಂತ ಮೊದಲು ಊರು ಬರುತ್ತದೆ. ಭೂಪಟದಲ್ಲಿ ಹುಡುಕಿದರೂ ಸಿಗದ ಸಣ್ಣ ಊರುಗಳು ಚೆಂಡೆ ಮದ್ದಳೆಗಳ ದೆಸೆಯಿಂದ ಜಿಲ್ಲೆಯಾದ್ಯಂತ ಪರಿಚಿತವಾಗಿವೆ.

ಮೇಳದ ವರ್ಷ ಪಂಚಾಂಗದ ವರ್ಷಕ್ಕಿಂತ ಬೇರೆ. ದೀಪಾವಳಿ ಕಳೆದು ಮಳೆ ದೂರವಾದ ಮೇಲೆ ತಿರುಗಾಟ ಆರಂಭವಾಗುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು, ಗೆಜ್ಜೆ ಬಿಚ್ಚುತ್ತಾರೆ. ಕುಮಾರಧಾರೆಯ ದಂಡೆಯ ನಮ್ಮ ಕಡಬದಂಥ ಊರುಗಳಲ್ಲಿ ಆ ಬಳಿಕ ಮಳೆ ಹಿಡಿದರೆ ಬಯಲಿನಲ್ಲಿ ಆಟ ಆಡುವ ಮಾತೇ ಇಲ್ಲ. ಆದರೆ ಹಿಮ್ಮೇಳಕ್ಕೆ ಮಳೆಗಾಲವೂ ಕೆಲಸದ ಕಾಲವೇ. ಮನೆಯ ಜಗಲಿಯಲ್ಲಿ, ದೇವಸ್ಥಾನದ ಅಂಗಣದ ಮಾಡಿನ ಕೆಳಗೆ ತಾಳಮದ್ದಳೆಗಳು ನಡೆಯುತ್ತವೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪದ ಮತ್ತು ಅರ್ಥ ಮಾತ್ರ. ಊರಿನ ಹುಡುಗ ಮೊದಲ ಸಲ ಚಕ್ರತಾಳವನ್ನು ಕೈಗೆ ಎತ್ತಿಕೊಳ್ಳುವುದು ಹೆಚ್ಚಾಗಿ ಇಂಥ ಜಗಲಿಯಲ್ಲೇ.

ಕನ್ನಡ ಪಾಠ ಹೇಳುವವನಾದ ನನಗೆ ಇದರಲ್ಲಿ ಮತ್ತೊಂದು ಉಪಕಾರ ಕಾಣುತ್ತದೆ. ಪುತ್ತೂರು, ಸುಳ್ಯ, ಕಡಬಗಳ ಮನೆಮಾತು ಬಹುಮಟ್ಟಿಗೆ ಕನ್ನಡವಲ್ಲ. ತುಳು, ಅರೆಭಾಷೆ, ಮಲೆಯಾಳ, ಕೊಂಕಣಿ ಇವು ಇಲ್ಲಿನ ಅಡುಗೆಮನೆಯ ಮಾತುಗಳು. ಇಂಥ ಸೀಮೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಕಿವಿಗೂ ಕಂದ, ದ್ವಿಪದಿ, ಭಾಮಿನಿ, ವಾರ್ಧಕಗಳು ಬಿದ್ದುದು ಭಾಗವತರ ಬಾಯಿಂದ. ತಾಳವನ್ನು ಬಿಟ್ಟು ರಾಗದಲ್ಲಿ ಎಳೆದು ಹಾಡುವ ಭಾಮಿನಿ ಷಟ್ಪದಿಯನ್ನು ನಾಲ್ಕು ಸಲ ಕೇಳಿದ ಮಗುವಿಗೆ, ಮೂರು ನಾಲ್ಕು ಮಾತ್ರೆಗಳ ಗಣವಿಭಾಗವನ್ನು ಕಪ್ಪು ಹಲಗೆಯ ಮೇಲೆ ತೋರಿಸುವುದು ಸುಲಭ. ತುಳುವಿನಲ್ಲಿಯೂ ಪ್ರಸಂಗಗಳು ಬಂದವು. ಬಾಯಾರು ಸಂಕಯ್ಯ ಭಾಗವತರು ‘ಪಂಚವಟಿ’ಯ ಕಥೆಯನ್ನು ತುಳುವಿನಲ್ಲಿ ೧೮೮೭ರಷ್ಟು ಹಿಂದೆಯೇ ಅಚ್ಚುಹಾಕಿಸಿದರು. ಭಾಷೆ ಬದಲಾದರೂ ಮಟ್ಟು ಬದಲಾಗಲಿಲ್ಲ. ಕೇಳುವವರಿಗೆ ತಾಳದ ಪರಿಚಯ ಮೊದಲೇ ಇತ್ತು.

ಇನ್ನು ಅನ್ನದ ಪ್ರಶ್ನೆ. ಹಳೆಯ ಮೇಳಗಳು ದೇವಸ್ಥಾನಗಳ ಆಶ್ರಯದವು. ಭಕ್ತರು ಹರಕೆ ಹೊತ್ತು ವೀಳ್ಯ ಕೊಡುತ್ತಾರೆ, ಅವರ ಗದ್ದೆಗೋ ಅಂಗಳಕ್ಕೋ ಮೇಳ ಬರುತ್ತದೆ, ಊರವರು ಕಾಸು ಕೊಡದೆ ನೋಡುತ್ತಾರೆ. ಕಟೀಲು ಮೇಳದ ಬಲಿಪ ನಾರಾಯಣ ಭಾಗವತರು (೧೯೩೮-೨೦೨೩) ತಮ್ಮ ಬಾಳಿನ ಬಹುಭಾಗವನ್ನು ಇಂಥ ಸೇವೆಯಾಟಗಳಲ್ಲಿ ಕಳೆದರು. ತಾತನಿಂದ ಬಂದ ಹಳೆಯ ಮಟ್ಟನ್ನು ಕೊನೆಯವರೆಗೂ ಬಿಡಲಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಇನ್ನೊಂದು ಬಗೆಯ ಮೇಳ ಹುಟ್ಟಿತು. ಡೇರೆ ಕಟ್ಟಿ, ಕುರ್ಚಿ ಹಾಕಿ, ಟಿಕೇಟು ಮಾರಿ ಆಡುವ ಮೇಳ. ದೊಂದಿಯ ಬದಲು ಗ್ಯಾಸ್‌ಲೈಟು, ಗ್ಯಾಸ್‌ಲೈಟಿನ ಬದಲು ವಿದ್ಯುದ್ದೀಪ, ಅದರ ಬೆನ್ನಿಗೇ ಮೈಕು ಬಂದವು. ಮೈಕಿನಿಂದ ಹಾಡಿಕೆಯ ರೀತಿಯೇ ಮಾರ್ಪಟ್ಟಿತು. ಹಿಂದೆ ಭಾಗವತನ ಕಂಠ ಗದ್ದೆಯ ಕೊನೆಯ ಬದುವಿಗೆ ತಲಪಬೇಕಾಗಿತ್ತು; ಏರುಶ್ರುತಿ ಅನಿವಾರ್ಯವಾಗಿತ್ತು. ಮೈಕು ಬಂದಮೇಲೆ ರಾಗದ ಸೂಕ್ಷ್ಮಗಳನ್ನು ಬಿಡಿಸಿ ಹಾಡಲು ಅವಕಾಶವಾಯಿತು. ಅದರೊಡನೆ ಪದವನ್ನು ಎಳೆಯುವ ಚಾಪಲ್ಯವೂ ಬಂತು ಎಂದು ಹಳಬರು ಗೊಣಗಿದ್ದುಂಟು.

ಡೇರೆ ಮೇಳಗಳಲ್ಲಿ ಸುರತ್ಕಲ್ ಮೇಳದ ಹೆಸರು ದೊಡ್ಡದು. ಅಗರಿ ಶ್ರೀನಿವಾಸ ಭಾಗವತರೂ ಅವರ ಮಗ ರಘುರಾಮ ಭಾಗವತರೂ ಅಲ್ಲಿ ಹಾಡಿದರು. ನಮ್ಮ ನೆರೆಯ ಸುಳ್ಯ ತಾಲೂಕಿನ ಕಲ್ಮಡ್ಕದ ಕಡೆಯ ಪದ್ಯಾಣ ಗಣಪತಿ ಭಟ್ಟರು (೧೯೫೫-೨೦೨೧) ಎರಡು ದಶಕಗಳಿಗೂ ಮೀರಿ ಆ ಮೇಳದಲ್ಲಿ ಹಾಡಿ ಹೆಸರಾದರು. ಟಿಕೇಟನ್ನು ನಂಬಿದ ಆ ಮೇಳ ಶತಮಾನ ಮುಗಿಯುವ ಹೊತ್ತಿಗೆ ನಿಂತುಹೋಯಿತು. ಹಾಗಾದರೆ ಅದರ ಬಾಳು ಅಲ್ಲಿಗೇ ತೀರಿತೇ? ಪದ್ಯಾಣರು ಬೇರೆ ಮೇಳಗಳಿಗೆ ಹೋದರು. ಹೊಸನಗರ ಮೇಳದಲ್ಲಿ, ಪುತ್ತೂರು ತಾಲೂಕಿನ ಹನುಮಗಿರಿಯ ಮೇಳದಲ್ಲಿ ಅವರ ಕಂಠ ಮುಂದುವರಿಯಿತು. ಡೇರೆ ಮಡಚಿದರು, ಕುರ್ಚಿಗಳನ್ನು ಮಾರಿದರು. ಪದವನ್ನು ಹಾಡುವ ಕ್ರಮವನ್ನು ಮಾರಲು ಬಾರದು. ಅದು ಹಾಡುವವನ ಜೊತೆಗೇ ನಡೆದು ಹೋಗುತ್ತದೆ.

ಕಡಬಕ್ಕೆ ಸಂಬಂಧಪಟ್ಟ ಒಂದು ಹಿಮ್ಮೇಳವಂತೂ ತೆಂಕುತಿಟ್ಟಿನ ಚರಿತ್ರೆಯಲ್ಲಿಯೇ ಹೊಸ ದಾರಿ ತೆರೆಯಿತು. ಕಡಬದ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ ಮದ್ದಳೆಗಳಲ್ಲಿ ನುರಿತವರು. ಅವರ ಕೈಹಿಡಿದ ಲೀಲಾವತಿಯವರು ಕಾಸರಗೋಡಿನ ಮಧೂರಿನಲ್ಲಿ ೧೯೪೭ರಲ್ಲಿ ಹುಟ್ಟಿದವರು. ಶಾಸ್ತ್ರೀಯ ಸಂಗೀತ ಕಲಿತು ಬಂದವರು. ರಾಗ ಅವರಿಗೆ ಆಗಲೇ ತಿಳಿದಿತ್ತು. ಯಕ್ಷಗಾನದ ತಾಳವನ್ನೂ ಮಟ್ಟನ್ನೂ ರಂಗದ ನಡೆಯನ್ನೂ ಮದುವೆಯ ಅನಂತರ ಪತಿಯಿಂದಲೇ ಕಲಿತರು. ಹಾಗೆ ಕಲಿತು ಅರುವ ಮೇಳವೇ ಮೊದಲಾದ ವೃತ್ತಿಮೇಳಗಳಲ್ಲಿ ತಿರುಗಾಟ ಮಾಡಿ, ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆನಿಸಿದರು.

ಇದು ಎಷ್ಟು ದೊಡ್ಡ ಹೆಜ್ಜೆಯೆಂಬುದನ್ನು ತಾವು ಯೋಚಿಸಬೇಕು. ಆ ಕಾಲಕ್ಕೆ ಮೇಳವೆಂದರೆ ಗಂಡಸರ ಲೋಕ. ಸ್ತ್ರೀವೇಷವನ್ನೂ ಗಂಡಸರೇ ಹಾಕುತ್ತಿದ್ದರು. ತಿಂಗಳುಗಟ್ಟಲೆ ದಿನಕ್ಕೊಂದು ಊರು, ಹಗಲಿಗೆ ನಿದ್ದೆ, ರಾತ್ರಿಗೆ ಆಟ. ಅಂಥಲ್ಲಿ ಹೆಂಗಸೊಬ್ಬರು ಜಾಗಟೆ ಹಿಡಿದು ಕುಳಿತರೆಂದರೆ ಬರಿಯ ಹಾಡುಗಾರಿಕೆಯ ಮಾತಾಗಲಿಲ್ಲ. ರಂಗದ ಆಳ್ವಿಕೆಯೇ ಅವರ ಕೈಗೆ ಬಂತು. ಕಿರೀಟ ಹೊತ್ತ ರಾವಣನೂ ಅವರ ಪದ ಎತ್ತುವ ತನಕ ಕಾದು ನಿಲ್ಲಬೇಕು. ಮತ್ತೆ, ಭಾಗವತರ ಶ್ರುತಿಗೆ ಚೆಂಡೆ ಮದ್ದಳೆಗಳನ್ನು ಹೊಂದಿಸಬೇಕಷ್ಟೆ? ಆ ಕಂಠಕ್ಕೆ ತಕ್ಕಂತೆ ನುಡಿಸಬಲ್ಲವರು ಮನೆಯಲ್ಲಿಯೇ ಇದ್ದುದು ಅವರ ಬಲ. ೨೦೨೩ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ೨೦೨೪ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ದಂಪತಿಗಳಿಬ್ಬರೂ ಹಿಮ್ಮೇಳದ ಪಾಠ ಹೇಳಿಕೊಟ್ಟ ಶಿಷ್ಯರು ಅನೇಕರು. ಇಂದು ಹೆಣ್ಣುಮಕ್ಕಳು ಭಾಗವತಿಕೆ ಮಾಡುವುದು ಸೋಜಿಗವೆನಿಸುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ಇಡೀ ರಾತ್ರಿಯ ಆಟ ಕಡಮೆಯಾಗುತ್ತ, ಕಾಲಮಿತಿಯ ಆಟ ಹೆಚ್ಚುತ್ತ ಬಂದಿದೆ. ಧರ್ಮಸ್ಥಳದಂಥ ಹಳೆಯ ಮೇಳವೂ ಈ ದಾರಿಗೆ ಬಂದಿದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ೨೦೦೦ದ ನಿಯಮಗಳು ಹಾಕಿದ ಕಟ್ಟೂ ಇದೆ, ಮರುದಿನ ಕೆಲಸಕ್ಕೆ ಹೋಗಬೇಕಾದವರ ಅನುಕೂಲವೂ ಇದೆ. ಇದನ್ನು ನಾನು ಹಳಿಯುವುದಿಲ್ಲ. ಆದರೆ ಆಟವನ್ನು ಕಿರಿದು ಮಾಡುವಾಗ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ? ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷಗಳ ಆ ಹೊತ್ತನ್ನು ‘ಕಥೆಯಿಲ್ಲದ ಹೊತ್ತು’ ಎಂದು ನಾವು ತಳ್ಳಿಹಾಕುತ್ತೇವೆ.

ಆ ಹೊತ್ತು ಯಾರದಾಗಿತ್ತು ಗೊತ್ತೇ? ಕಲಿಯುವವರದು. ಮೇಳದಲ್ಲಿ ‘ಸಂಗೀತಗಾರ’ನೆಂದು ಕರೆಯುವ ಎಳೆಯ ಹಾಡುಗಾರ ಪೂರ್ವರಂಗವನ್ನು ಹಾಡುತ್ತಿದ್ದ. ಕೈಪಳಗುತ್ತಿರುವ ಹುಡುಗ ಆಗ ಮದ್ದಳೆಗೆ ಕೂರುತ್ತಿದ್ದ. ತಪ್ಪಿದರೂ ಆಟ ಕೆಡುತ್ತಿರಲಿಲ್ಲ. ಮುಖ್ಯ ಭಾಗವತರು ಚೌಕಿಯಲ್ಲಿ ಒರಗಿಕೊಂಡೇ ಕೇಳಿ, ಆಮೇಲೆ ತಿದ್ದುತ್ತಿದ್ದರು. ಒಂದು ತಿರುಗಾಟದಲ್ಲಿ ಇಂಥ ನೂರೈವತ್ತಕ್ಕೂ ಹೆಚ್ಚು ರಾತ್ರಿಗಳು. ಅನುಭವಿಗಳು ಬರುವ ಮುಂಚಿನ ಆ ಎರಡು ಗಂಟೆಯೇ ಹಿಮ್ಮೇಳದ ಗುರುಕುಲವಾಗಿತ್ತು. ಅದನ್ನು ಕತ್ತರಿಸಿದರೆ ನಾಳೆಯ ಭಾಗವತ ಎಲ್ಲಿ ತಪ್ಪಿ ತಿದ್ದಿಕೊಳ್ಳಬೇಕು? ಈಗ ಊರೂರಲ್ಲಿ ತರಗತಿಗಳಿವೆ, ಅಲ್ಲಿ ತಾಳವನ್ನು ಚೆನ್ನಾಗಿ ಹೇಳಿಕೊಡುತ್ತಾರೆ. ಆದರೆ ವೇಷ ಎದುರಿಗೆ ಕುಣಿಯುವಾಗ, ಜನ ಮಾತಾಡುತ್ತಿರುವಾಗ, ನಿದ್ದೆ ಕಣ್ಣಿಗೆ ಒತ್ತಿಬರುವಾಗ ತಾಳ ತಪ್ಪದಂತೆ ಹಾಡುವುದನ್ನು ರಂಗಸ್ಥಳವೇ ಕಲಿಸಬೇಕು.

ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ತಮ್ಮೂರಿನಲ್ಲಿ ಆಟವಾಡಿಸುವವರು ತಾವಾಗಿದ್ದರೆ, ಕಾಲಮಿತಿಯೊಳಗೆ ಅರ್ಧ ಗಂಟೆಯನ್ನಾದರೂ ಪೂರ್ವರಂಗಕ್ಕೆ ಬಿಟ್ಟುಕೊಡಿರಿ. ನೋಡುವವರಾಗಿದ್ದರೆ, ಸಂಜೆ ಕೇಳಿ ಬಾರಿಸುವ ಹೊತ್ತಿಗೇ ಮಕ್ಕಳನ್ನು ಕರೆದುಕೊಂಡು ಹೋಗಿರಿ. ರಂಗಸ್ಥಳದ ಪಕ್ಕದಲ್ಲಿ, ಚೆಂಡೆ ಮದ್ದಳೆಗಳ ಕೈಗಳು ಕಾಣುವಂತೆ ಕುಳಿತು, ಆ ಎಳೆಯ ಸಂಗೀತಗಾರ ಹಾಡುವುದನ್ನು ಕೇಳಿರಿ. ಅವನ ಹೆಸರೇನು, ಊರು ಯಾವುದು ಎಂದು ವಿಚಾರಿಸಿರಿ. ಮರುದಿನ ‘ಆಟ ಹೇಗಾಯಿತು?’ ಎಂದು ಯಾರಾದರೂ ಕೇಳಿದರೆ ಆ ಹೆಸರನ್ನೂ ಸೇರಿಸಿ ಹೇಳಿರಿ.